ಹೊಸ ಎಂಜಿನ್, ಹಳೇ ಗಾಡಿ: ಹೊಂದಾಣಿಕೆಗೆ 14 ಸೂತ್ರಗಳು

ಕೊನೆಕೊಯ್ಲು ಇನ್ನೇನು ಶುರುವಾಗಬೇಕು, ನಮ್ಮ ತೋಟದ ಗಾಡಿಯ ಎಂಜಿನ್ ಕೈಕೊಟ್ಟಿತು. ಗಾಡಿ ಅಂದರೆ ದೊಡ್ಡದೇನಲ್ಲ. ಪೈಪು ಬೆಸೆದು ಮಾಡಿದ ಚಾಸಿ, ನಾಲ್ಕು ದಪ್ಪ ಟಯರು, ಅಡಿಕೆ ಕೊನೆ, ಗೊಬ್ಬರ, ಸೊಪ್ಪು ತುಂಬುವ ಒಂದು ತೊಟ್ಟಿ, ಸೀಟಿನ ಹಿಂದೆ ಹಗ್ಗ ಎಳೆದು ಚಾಲೂ ಮಾಡುವ ಪುಟ್ಟ ಪೆಟ್ರೋಲ್ ಎಂಜಿನ್. ಡಾಂಬರು ಕಾಣದ ದಾರಿಯಲ್ಲಿ ಅಗಳು ದಾಟಿ, ಏರು ಹತ್ತಿ ಬರುವುದೇ ಅದರ ಉದ್ಯೋಗ. ಹಳೇ ಎಂಜಿನ್ನಿಗೆ ರಿಂಗು, ಪಿಸ್ಟನ್ನು ಹಾಕಿಸುವ ಖರ್ಚು ಲೆಕ್ಕ ಹಾಕಿದಾಗ ಹೊಸದೇ ವಾಸಿ ಅನ್ನಿಸಿ ತಂದು ಕೂರಿಸಿದೆವು. ಎರಡನೇ ಸಲ ಹಗ್ಗ ಎಳೆದದ್ದೇ ತಡ, ಅಂಗಳದಲ್ಲಿ ಗುಡುಗಿತು. ಎಲ್ಲರಿಗೂ ಖುಷಿ.

ಖುಷಿ ಉಳಿದದ್ದು ತೋಟದ ಏರಿನ ತನಕ. ಹದಿನೈದು ಮಾರು ಹತ್ತಿದ್ದೇ ಟಪ್ಪನೆ ನಿಂತುಹೋಯಿತು. ಹಿಂದಕ್ಕೆ ಬಿಟ್ಟು ಸಪಾಟು ನೆಲಕ್ಕೆ ತಂದರೆ ಒಂದೇ ಎಳೆತಕ್ಕೆ ಚಾಲೂ. ಏರಿಗೆ ಹೋದರೆ ಮತ್ತೆ ಮೌನ. ಮೂರು ದಿನ ಕಾರ್ಬೊರೇಟರ್ ಬಿಚ್ಚಿದ್ದೇ ಬಿಚ್ಚಿದ್ದು, ತೊಳೆದದ್ದೇ ತೊಳೆದದ್ದು. ನಾಲ್ಕನೇ ದಿನ ಪಂಪ್‌ಸೆಟ್ ರಿಪೇರಿಯ ಮೇಸ್ತ್ರಿ ಬಂದರು. ಪಾನಾ ಮುಟ್ಟಲೇ ಇಲ್ಲ. ಕೈಯಲ್ಲೇ ಆಯಿಲ್ ಮುಚ್ಚಳ ತಿರುಗಿಸಿ ಕಡ್ಡಿ ನೋಡಿ ಕೇಳಿದರು: “ಎಷ್ಟು ಹಾಕಿದ್ರಿ ಮಾರಾಯ್ರೇ?” ಎರಡು ಲೋಟ ಅಂದೆ. “ಮೂರು ಲೋಟದ ಹೊಟ್ಟೆ ಇದು” ಅಂದರು.

ಅಷ್ಟೇ. ಆಯಿಲ್ ಕಡಿಮೆಯಾದರೆ ಎಂಜಿನ್ ತಾನೇ ನಿಲ್ಲುವಂತೆ ಒಳಗೊಂದು ಸೆನ್ಸರ್ ಇತ್ತು. ಸಪಾಟಿನಲ್ಲಿ ಅದಕ್ಕೆ ಆಯಿಲ್ ತಾಗುತ್ತಿತ್ತು, ಏರಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಅದು ಒಣಗುತ್ತಿತ್ತು. ಎಂಜಿನ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾವು ಎಂಜಿನ್ ಡೊಂಕು ಅಂದೆವು.

ಈ ಪಾಠಕ್ಕೆ ದೊಡ್ಡ ಸಾಕ್ಷಿಯೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾಡುದಾರಿಯ ಬಗ್ಗಿ ಓಡಿಸುವ ‘ಬಾಹಾ’ ಸ್ಪರ್ಧೆ 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 2007ರಿಂದ ಅದು ಮಧ್ಯಪ್ರದೇಶದ ಪೀಥಂಪುರದಲ್ಲೂ ನಡೆಯಿತು, ನಮ್ಮ ರಾಜ್ಯದ ಕಾಲೇಜುಗಳ ಹುಡುಗರೂ ಬಗ್ಗಿ ಹೊತ್ತು ಹೋಗಿದ್ದಾರೆ. ಸ್ಪರ್ಧಿಸುವ ತಂಡಗಳಿಗೆಲ್ಲ ಒಂದೇ ನಮೂನೆಯ 10 ಎಚ್‌ಪಿ ಎಂಜಿನ್ ಎಂಬುದು ಅಲ್ಲಿನ ಹಳೇ ಕಟ್ಟಳೆಯಾಗಿತ್ತು, ಅದರ ಒಳಗೆ ಕೈಹಾಕುವಂತಿರಲಿಲ್ಲ. ಆದರೂ ಒಂದು ಬಗ್ಗಿ ಗೆಲ್ಲುತ್ತಿತ್ತು, ಇನ್ನೊಂದು ಮೊದಲ ದಿಬ್ಬದಲ್ಲೇ ಕೂರುತ್ತಿತ್ತು. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಹೊಸ ಎಂಜಿನ್ ಕೆಟ್ಟೇ ಬರುವುದು ಅಪರೂಪ. ಕೆಡುವುದು ಅದಕ್ಕೂ ಹಳೇ ಗಾಡಿಗೂ ನಡುವಿನ ನಂಟು. ಆ ನಂಟು ಕೂಡಿಸುವ ಸೂತ್ರಗಳು ಇಲ್ಲಿವೆ.

ಕೆಳಗಿನ ಅಂಕಿಗಳು ಹೋಂಡಾ ಜಿಎಕ್ಸ್200 ಎಂಬ 196 ಸಿಸಿ ಎಂಜಿನ್ನಿನವು. ಅದೇ ಅಚ್ಚಿನ ಎಂಜಿನ್‌ಗಳು ಪಂಪು, ವೀಡರು, ಗಾಡಿಗಳಲ್ಲಿ ಬೇಕಾದಷ್ಟಿವೆ. ನಿಮ್ಮದು ಬೇರೆಯಾದರೆ ಕ್ರಮ ಇದೇ ಇರಲಿ, ಅಂಕಿ ನಿಮ್ಮ ಕೈಪಿಡಿಯದಿರಲಿ.

1. ಬಿಚ್ಚುವ ಮುನ್ನ ಬಿಡಿಸಿ

ತೊಂದರೆ ಎಂಜಿನ್ನಿನದೋ ಗಾಡಿಯದೋ ಎಂಬುದನ್ನು ಮೊದಲು ತೀರ್ಮಾನಿಸಿ. ಚೈನು ಕಳಚಿ. ಗಾಡಿಯ ಸ್ವಿಚ್ಚಿನ ವೈರು ತೆಗೆಯಿರಿ. ಎಕ್ಸಿಲೇಟರ್ ಕೇಬಲ್ ಬಿಡಿಸಿ. ಎಂಜಿನ್ನಿನ ಸ್ವಂತ ಟ್ಯಾಂಕಿಗೆ ಹೊಸ ಪೆಟ್ರೋಲ್ ಹಾಕಿ, ಅದರ ಸ್ವಂತ ಸ್ವಿಚ್ಚಿನಲ್ಲೇ ಚಾಲೂ ಮಾಡಿ ಹತ್ತು ನಿಮಿಷ ಓಡಿಸಿ. ಕರಕರೆ ಇಲ್ಲದೆ ಓಡಿದರೆ ಎಂಜಿನ್ ನಿರ್ದೋಷಿ. ಆಮೇಲೆ ಒಂದೊಂದನ್ನೇ ಮತ್ತೆ ಜೋಡಿಸಿ, ಪ್ರತಿ ಸಲ ಚಾಲೂ ಮಾಡಿ ನೋಡಿ. ಯಾವುದನ್ನು ಜೋಡಿಸಿದಾಗ ರಗಳೆ ಶುರುವಾಯಿತೋ ಕಳ್ಳ ಅಲ್ಲೇ ಇದ್ದಾನೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಜೆಟ್, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೂರಕ್ಕೂ ದುಡ್ಡು ಸುರಿಯುತ್ತೀರಿ.

2. ಮೊದಲ ಪರೀಕ್ಷೆ ಆಯಿಲ್‌ನದು

ಪೆಟ್ಟಿಗೆಯಿಂದ ತೆಗೆದ ಸಣ್ಣ ಎಂಜಿನ್ನಿನಲ್ಲಿ ಬಹುಮಟ್ಟಿಗೆ ಆಯಿಲ್ ಇರುವುದಿಲ್ಲ. ತುಂಬಬೇಕಾದವರು ನಾವೇ. ಈ ಎಂಜಿನ್ ಹಿಡಿಯುವುದು 0.6 ಲೀಟರ್, 10ಡಬ್ಲ್ಯು-30 ಆಯಿಲ್. ಎಂಜಿನ್ ಸಮತಟ್ಟಾಗಿ ಕೂತಿರಬೇಕು. ಕಡ್ಡಿಯನ್ನು ಒರೆಸಿ ರಂಧ್ರದೊಳಗೆ ಸುಮ್ಮನೆ ಇಳಿಸಿ ನೋಡಬೇಕು, ತಿರುಗಿಸಿ ಬಿಗಿಮಾಡಬಾರದು. ಬಿಗಿಮಾಡಿದರೆ ಕಡ್ಡಿ ಇನ್ನಷ್ಟು ಕೆಳಗಿಳಿದು, ಇಲ್ಲದ ಆಯಿಲ್ ಇದ್ದಂತೆ ಕಾಣುತ್ತದೆ. ತುಂಬುವ ರಂಧ್ರದ ಕೆಳಅಂಚಿಗೆ ಆಯಿಲ್ ಬಂದು ನಿಂತರೆ ಅದೇ ಮೇಲ್ಮಟ್ಟ.

ಒಂದು ಲೀಟರ್ ಡಬ್ಬ ತಂದೆವೆಂದು ಪೂರ್ತಿ ಸುರಿಯುವವರೂ ಇದ್ದಾರೆ. ಆಗ ಬಿಳಿ ಹೊಗೆ, ಏರ್ ಫಿಲ್ಟರಿನೊಳಗೆ ಆಯಿಲ್, ಪ್ಲಗ್ಗಿನ ಮೇಲೆ ಜಿಡ್ಡು. ಅಳೆದೇ ಸುರಿಯಿರಿ.

ಸೆನ್ಸರ್ ಇರುವ ಎಂಜಿನ್ ಏರಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಮಟ್ಟ ನೋಡಿ, ಆಮೇಲೆ ಕೂರಿಸಿದ ತಟ್ಟೆ ವಾಲಿದೆಯೇ ನೋಡಿ. ಈ ಎಂಜಿನ್ 20 ಡಿಗ್ರಿಗಿಂತ ಹೆಚ್ಚು ವಾಲಬಾರದು. ಐದಕ್ಕೆ ಒಂದರ ಏರು ಎಂದರೇ 11 ಡಿಗ್ರಿ. ತಟ್ಟೆಯೇ ಹತ್ತು ಡಿಗ್ರಿ ಓರೆಯಾಗಿದ್ದರೆ ಎರಡೂ ಕೂಡಿ ಮಿತಿ ದಾಟಿತು. ಸೆನ್ಸರ್ ವೈರನ್ನು ಕತ್ತರಿಸಿ ಎಸೆಯುವ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪರೀಕ್ಷೆಗೆಂದು ಒಂದು ನಿಮಿಷ ಬಿಡಿಸಿ ನೋಡಬಹುದು, ಬಿಡಿಸಿಯೇ ಓಡಿಸಿದರೆ ಮುಂದಿನ ಹೊಸ ಎಂಜಿನ್ನಿಗೆ ಈಗಲೇ ದುಡ್ಡು ಕೂಡಿಡಿ.

3. ಶಾಫ್ಟನ್ನು ಕಣ್ಣಿನಲ್ಲಿ ಅಳೆಯಬೇಡಿ

ಹಳೇ ಎಂಜಿನ್ನಿನ ಶಾಫ್ಟ್ ಮುಕ್ಕಾಲು ಇಂಚು ಅಂದರೆ 19.05 ಮಿಮೀ. ಹೊಸದು 20 ಮಿಮೀ ಇರಬಹುದು. ನೋಡಲು ಎರಡೂ ಒಂದೇ. ಒಂದು ಮಿಲಿಮೀಟರಿಗೂ ಕಡಿಮೆಯಾದ ಈ ಅಂತರದಿಂದಾಗಿ ಹಳೇ ಕ್ಲಚ್ ಹತ್ತುವುದಿಲ್ಲ, ಸುತ್ತಿಗೆಯಲ್ಲಿ ಬಡಿದು ಹತ್ತಿಸಿದರೆ ಶಾಫ್ಟಿನ ತುದಿ, ಒಳಗಿನ ಬೇರಿಂಗು ಎರಡೂ ಹಾಳು. ತದ್ವಿರುದ್ಧವಾದರೆ ಸಡಿಲ ಕೂತು ಕೀಲಿ ತಿಂದುಹಾಕುತ್ತದೆ. ವರ್ನಿಯರ್‌ನಲ್ಲಿ ದಪ್ಪ, ಉದ್ದ, ಕೀಲಿ ಕೂರುವ ಸೀಳಿನ ಅಗಲ ಮೂರನ್ನೂ ಅಳೆದು ಬರೆದುಕೊಂಡೇ ಅಂಗಡಿಗೆ ಹೋಗಿ.

ಇನ್ನೆರಡು ಗಮನಿಸಿ. ಶಾಫ್ಟಿನ ಕಡೆಯಿಂದ ನೋಡಿದರೆ ಈ ಎಂಜಿನ್ ಎಡಸುತ್ತು ತಿರುಗುತ್ತದೆ, ಹಳೆಯದು ಬಲಸುತ್ತಾಗಿದ್ದರೆ ಗಾಡಿ ಹಿಮ್ಮುಖ ಓಡುತ್ತದೆ. ಅದೇ ಎಂಜಿನ್ನಿಗೆ ಮುಂದೆ ರಿಡಕ್ಷನ್ ಪೆಟ್ಟಿಗೆ ಕೂರಿಸಿದ ಮಾದರಿಯೂ ಇದೆ. ಅದರ ಶಾಫ್ಟ್ ಅರ್ಧ ವೇಗದಲ್ಲಷ್ಟೇ ತಿರುಗುವುದರಿಂದ ತಿಳಿಯದೆ ತಂದವರಿಗೆ “ಹೊಸ ಎಂಜಿನ್ನಿಗೆ ವೇಗವೇ ಇಲ್ಲ” ಎಂಬ ಕೊರಗು.

4. ಕಿಡಿ ಇಲ್ಲವೇ? ಸ್ವಿಚ್ಚಿನ ವೈರು ಹಿಡಿಯಿರಿ

ಕಾರು, ಬೈಕು ರಿಪೇರಿ ಗೊತ್ತಿದ್ದವರೇ ಇಲ್ಲಿ ಎಡವುವುದು. ಅಲ್ಲಿ ಕೀ ತಿರುಗಿಸಿದರೆ ಬ್ಯಾಟರಿಯ ಕರೆಂಟು ಹರಿಯುತ್ತದೆ. ಈ ಪುಟ್ಟ ಎಂಜಿನ್ನಿಗೆ ಬ್ಯಾಟರಿಯೇ ಬೇಡ. ಫ್ಲೈವೀಲಿನ ಅಯಸ್ಕಾಂತ ಕಾಯಿಲ್ ಮುಂದೆ ಹಾದಾಗ ಕಿಡಿ ಹುಟ್ಟುತ್ತದೆ. ನಿಲ್ಲಿಸುವ ವೈರನ್ನು ಎಂಜಿನ್ನಿನ ಮೈಗೆ ತಾಗಿಸಿದರೆ, ಅಂದರೆ ಅರ್ತ್ ಮಾಡಿದರೆ, ಎಂಜಿನ್ ನಿಲ್ಲುತ್ತದೆ. ಅಂದರೆ ಇಲ್ಲಿ ಸ್ವಿಚ್ ಕೂಡಿದರೆ ಆಫ್, ಬಿಟ್ಟರೆ ಆನ್.

ಗಾಡಿಯ ಹಳೇ ಕೀ ಸ್ವಿಚ್ಚಿಗೆ ಈ ವೈರು ಕೊಟ್ಟರೆ ಎಲ್ಲ ತಲೆಕೆಳಗು. ಅದರಲ್ಲೂ ಬ್ಯಾಟರಿಯ 12 ವೋಲ್ಟ್ ಆ ವೈರಿಗೆ ತಾಗಿದರೆ ಕಾಯಿಲ್ ಸುಟ್ಟುಹೋಗಬಹುದು.

ಪರೀಕ್ಷೆ ಸುಲಭ. ನಿಲ್ಲಿಸುವ ವೈರನ್ನು ಬಿಡಿಸಿ. ಪ್ಲಗ್ ಕಳಚಿ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆಯಿರಿ. ಪ್ಲಗ್ ರಂಧ್ರದಿಂದ ದೂರ ಹಿಡಿಯಿರಿ, ಒಳಗಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಈಗ ನೀಲಿ ಕಿಡಿ ಬಂದರೆ ದೋಷ ಗಾಡಿಯ ವೈರಿಂಗಿನದು, ಎಲ್ಲೋ ಸಿಪ್ಪೆ ಸುಲಿದ ವೈರು ಚಾಸಿಗೆ ಒರಗಿದೆ. ಬರದಿದ್ದರೆ ಪ್ಲಗ್ ಸಂದು 0.7ರಿಂದ 0.8 ಮಿಮೀ ಇದೆಯೇ ನೋಡಿ. ಆಮೇಲೆ ಕಾಯಿಲ್‌ಗೂ ಫ್ಲೈವೀಲಿಗೂ ನಡುವಿನ ಸಂದು. ಅದು 0.2ರಿಂದ 0.6 ಮಿಮೀ ಒಳಗಿರಬೇಕು. ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ಇಟ್ಟು ಬೋಲ್ಟು ಬಿಗಿಮಾಡಿ ಕಾರ್ಡು ಎಳೆದುಕೊಂಡರೆ ಲೆಕ್ಕ ಸರಿಯಾಗುತ್ತದೆ.

5. ಪೆಟ್ರೋಲ್ ಇದೆ ಅಂದರೆ ಸಾಲದು, ಹರಿಯಬೇಕು

ಚಾಲೂ ಆಗಿ ಐದು ನಿಮಿಷಕ್ಕೆ ನಿಂತು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಚಾಲೂ ಆಗುವ ಎಂಜಿನ್ನಿಗೆ ಬಾಯಾರಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ. ನಿಲ್ಲದಿದ್ದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಎಳನೀರಿನ ಸ್ಟ್ರಾದ ಮೇಲ್ತುದಿಗೆ ಬೆರಳು ಒತ್ತಿ ಎತ್ತಿದರೆ ಒಳಗಿನ ನೀರು ಬೀಳದೆ ನಿಲ್ಲುವುದಿಲ್ಲವೇ, ಹಾಗೆ.

ಸರಿಯಾಗದಿದ್ದರೆ ಕಾರ್ಬೊರೇಟರ್ ಬಳಿ ಪೈಪು ಕಳಚಿ ಬಾಟಲಿಗೆ ಬಿಡಿ. ಧಾರೆ ಕಡಿಯದೆ ಬೀಳಬೇಕು. ಎಂಜಿನ್ ತಣ್ಣಗಿರಲಿ, ಬೀಡಿ ದೂರವಿರಲಿ. ತೊಟ್ಟಿಕ್ಕಿದರೆ ಕಾಕು, ಜಾಲರಿ, ಫಿಲ್ಟರ್ ನೋಡಿ.

ಇಲ್ಲೇ ಜೋಡಣೆಯ ಒಂದು ದೊಡ್ಡ ತಪ್ಪು ಸಿಗುತ್ತದೆ. ಈ ಎಂಜಿನ್ನಿನ ಟ್ಯಾಂಕು ಮೇಲಿದ್ದು ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಗಾಡಿಯ ಹಳೇ ಟ್ಯಾಂಕು ಸೀಟಿನ ಕೆಳಗಿದ್ದರೆ ಅದು ಮೇಲಕ್ಕೇರುವುದಿಲ್ಲ, ಪಂಪು ಬೇಕು. ಕಾರಿನ ಜೋರು ಪಂಪು ಹಾಕಿದರೆ ಕಾರ್ಬೊರೇಟರಿನ ಫ್ಲೋಟ್ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಸಣ್ಣ ಎಂಜಿನ್ನಿಗೆಂದೇ ಇರುವ ಕಡಿಮೆ ಒತ್ತಡದ ಪಂಪೇ ಬೇಕು.

ಹಳೇ ಟ್ಯಾಂಕಿನ ತುಕ್ಕು, ಹಳೇ ಪೆಟ್ರೋಲ್ ಎರಡನ್ನೂ ಹೊಸ ಎಂಜಿನ್ನಿಗೆ ಬಳುವಳಿ ಕೊಡಬೇಡಿ. 20 ಶೇಕಡಾ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕು ಮೂರು ತಿಂಗಳು ಕೂತರೆ ತಳದಲ್ಲಿ ನೀರು, ಎಥನಾಲ್ ಬೇರೆಯಾಗಿ ಕೂರಬಹುದು. ಕಾರ್ಬೊರೇಟರಿಗೆ ಮೊದಲು ಹೋಗುವುದು ಆ ತಳದ್ದೇ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕೂ ಕಾರ್ಬೊರೇಟರಿನ ಬಟ್ಟಲೂ ಬರಿದಾಗಲಿ.

6. ಚೋಕ್ ಹೇಳುವ ಮಾತು ಕೇಳಿ

ಎಂಜಿನ್ ಉಯ್ಯಾಲೆಯಂತೆ ಏರಿ ಇಳಿದು ಓಡುತ್ತಿದೆಯೇ? ಚೋಕನ್ನು ಅರ್ಧ ಎಳೆಯಿರಿ. ಆಗ ಸಮ ಓಡಿದರೆ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕಾರಣ ಎರಡರಲ್ಲಿ ಒಂದು: ಜೆಟ್ಟಿನಲ್ಲಿ ಕಸ ಅಥವಾ ಕಾರ್ಬೊರೇಟರಿನ ಗ್ಯಾಸ್ಕೆಟ್ ಸಂದಿನಿಂದ ಕಳ್ಳಗಾಳಿ. ಗ್ಯಾಸ್ಕೆಟ್ ತಿರುಗುಮುರುಗಾಗದೆ ರಂಧ್ರಗಳೆಲ್ಲ ಒಂದರ ಮೇಲೊಂದು ಕೂರಬೇಕು. ಜೆಟ್ಟಿಗೆ ಕಬ್ಬಿಣದ ತಂತಿ ತೂರಿಸಬೇಡಿ, ರಂಧ್ರ ದೊಡ್ಡದಾದರೆ ಜೆಟ್ಟೇ ಹೋಯಿತು. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಸಾಕು.

ಚೋಕ್ ಎಳೆದರೆ ಉಸಿರುಕಟ್ಟಿ ಕಪ್ಪು ಹೊಗೆ ಉಗುಳಿದರೆ ಕಥೆ ತದ್ವಿರುದ್ಧ. ಪೆಟ್ರೋಲ್ ಜಾಸ್ತಿ, ಅಥವಾ ಏರ್ ಫಿಲ್ಟರ್ ಕಟ್ಟಿದೆ.

7. ಗವರ್ನರ್ ಕೀಳಬೇಡಿ, ಕೇಬಲ್ಲನ್ನು ಅದಕ್ಕೇ ಕೊಡಿ

ಈ ಎಂಜಿನ್ ತನ್ನ ಪೂರ್ತಿ 5.5 ಎಚ್‌ಪಿ ಕೊಡುವುದು ನಿಮಿಷಕ್ಕೆ 3,600 ಸುತ್ತಿನಲ್ಲಿ. ಅದಕ್ಕಿಂತ ತೀರಾ ಮೇಲೆ ಹಾರದಂತೆ ಹಿಡಿಯುವ ಒಳಗಿನ ಕಾವಲುಗಾರ ಗವರ್ನರ್. ಗಾಡಿಯ ಎಕ್ಸಿಲೇಟರ್ ಕೇಬಲ್ಲನ್ನು ನೇರ ಕಾರ್ಬೊರೇಟರಿನ ಚಿಟ್ಟೆಗೆ ಕಟ್ಟಿದರೆ ಕಾವಲುಗಾರನ ಕೈಕಟ್ಟಿದಂತೆ. ಒಂದೋ ಎಂಜಿನ್ ಚೀರಿಕೊಂಡು ಹಾರುತ್ತದೆ, ಇಲ್ಲವೇ ಭಾರ ಬಿದ್ದಾಗ ತಾನಾಗಿ ಪೆಟ್ರೋಲ್ ಹೆಚ್ಚಿಸಿಕೊಳ್ಳಲಾರದೆ ಮಲಗುತ್ತದೆ. ಕೇಬಲ್ ಎಳೆಯಬೇಕಾದದ್ದು ಗವರ್ನರ್ ಸ್ಪ್ರಿಂಗಿನ ಲಿವರನ್ನು.

ಗವರ್ನರ್ ತೋಳು ಸಡಿಲವಾಗಿದ್ದರೆ ಹೀಗೆ ಹೊಂದಿಸಿ. ನಟ್ಟು ಸಡಿಲಿಸಿ, ಚಿಟ್ಟೆ ಪೂರ್ತಿ ತೆರೆಯುವಂತೆ ತೋಳು ಹಿಡಿಯಿರಿ. ಗವರ್ನರ್ ಶಾಫ್ಟನ್ನು ಅದೇ ದಿಕ್ಕಿಗೆ ನಿಲ್ಲುವಷ್ಟೂ ತಿರುಗಿಸಿ ನಟ್ಟು ಬಿಗಿಮಾಡಿ. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡೂ ತುದಿಯಲ್ಲಿ ಎಕ್ಸಿಲೇಟರ್ ಬಿಟ್ಟ ಕೂಡಲೇ ಹಿಂದಕ್ಕೆ ಹಾರಬೇಕು. ಹಾರದ ಕೇಬಲ್ ಗಾಡಿಯನ್ನು ಅಗಳಿಗೆ ಇಳಿಸುತ್ತದೆ.

ಹೆಚ್ಚು ವೇಗದ ಆಸೆಗೆ ಗವರ್ನರ್ ತೆಗೆಯುವವರಿದ್ದಾರೆ. ಮಾಮೂಲಿ ಎರಕದ ಫ್ಲೈವೀಲು, ಕನೆಕ್ಟಿಂಗ್ ರಾಡು ಆ ವೇಗಕ್ಕೆ ಹುಟ್ಟಿದವಲ್ಲ. ಒಡೆದ ಫ್ಲೈವೀಲಿನ ಚೂರು ಸೀಟಿನ ಹಿಂದೆಯೇ ಇರುತ್ತದೆ ಎಂಬುದು ನೆನಪಿರಲಿ.

8. ‘ಪಿಕಪ್ ಇಲ್ಲ’ ಅನ್ನುವ ಮೊದಲು ಕಾಗದ ತೆಗೆಯಿರಿ

ಸಪಾಟಿನಲ್ಲಿ ಹಾರುವ ಗಾಡಿ ಏರಿನಲ್ಲಿ ಮಲಗುತ್ತದೆಯೇ? ಹತ್ತರಲ್ಲಿ ಎಂಟು ಸಲ ಅದು ಎಂಜಿನ್ನಿನ ರೋಗವಲ್ಲ, ಸ್ಪ್ರಾಕೆಟ್ಟಿನ ಲೆಕ್ಕ. ನಮ್ಮ ಗಾಡಿಯದೇ ಲೆಕ್ಕ ನೋಡಿ.

ಗಾಡಿ, ಸವಾರ, ಸರಕು ಸೇರಿ 300 ಕಿಲೋ. ಐದಕ್ಕೆ ಒಂದರ ಏರಿನಲ್ಲಿ ಅದನ್ನು ಜಾರದಂತೆ ಹಿಡಿಯಲಿಕ್ಕೇ ಸುಮಾರು 59 ಕಿಲೋ ಎಳೆತ ಬೇಕು. ಎಂಜಿನ್ನಿನ ಗರಿಷ್ಠ ಟಾರ್ಕ್ 2,500 ಸುತ್ತಿನಲ್ಲಿ 12.4 ನ್ಯೂಟನ್ ಮೀಟರ್. ಟಯರಿನ ಅಡ್ಡಳತೆ 40 ಸೆಂಮೀ. ಚೈನು, ಬೇರಿಂಗು ತಿನ್ನುವುದು ಐದರಲ್ಲೊಂದು ಪಾಲು ಅನ್ನೋಣ.

ಎಂಜಿನ್ 8 ಸುತ್ತು ತಿರುಗಿದಾಗ ಚಕ್ರ 1 ಸುತ್ತು ತಿರುಗುವ ಜೋಡಣೆಯಲ್ಲಿ ಚಕ್ರಕ್ಕೆ ಸಿಗುವ ಎಳೆತ ಸುಮಾರು 40 ಕಿಲೋ. ಗಾಡಿ ಹತ್ತುವುದಿಲ್ಲ. 12ಕ್ಕೆ 1 ಆದರೆ ಸುಮಾರು 61 ಕಿಲೋ. ಕೂದಲೆಳೆಯ ಗೆಲುವು, ಮಣ್ಣಿನಲ್ಲಿ ಟಯರು ಹೂತರೆ ಅದೂ ಇಲ್ಲ. 15ಕ್ಕೆ 1 ಆದರೆ ಸುಮಾರು 76 ಕಿಲೋ. ಈಗ ಮಣ್ಣಿನ ಹಿಡಿತಕ್ಕೂ 17 ಕಿಲೋ ಮಿಗುತ್ತದೆ. ಬೆಲೆ ಏನು? ಗರಿಷ್ಠ ವೇಗ ಗಂಟೆಗೆ 34 ಕಿಮೀಯಿಂದ 18ಕ್ಕೆ ಇಳಿಯುತ್ತದೆ. ತೋಟದಲ್ಲಿ 34ರಲ್ಲಿ ಹೋಗಿ ಯಾರಿಗೇನು ಕೊಡುವುದಿದೆ?

ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು 3.5 ಶೇಕಡಾ ಕಡಿಮೆಯಾಗುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಓಡುವ ಗಾಡಿಗೆ ಮಂಗಳೂರಿನಲ್ಲಿ ಸಿಗುವುದಕ್ಕಿಂತ 13 ಶೇಕಡಾದಷ್ಟು ಕಡಿಮೆ ಶಕ್ತಿ. ಕಾಫಿ ತೋಟದವರು ಒಂದೆರಡು ಹಲ್ಲು ದೊಡ್ಡ ಹಿಂದಿನ ಸ್ಪ್ರಾಕೆಟ್ ಹಾಕಿಕೊಳ್ಳುವುದೇ ಜಾಣತನ.

9. ಕ್ಲಚ್ಚಿನ ವಾಸನೆಗೆ ಮೂಗು ಕೊಡಿ

ಈ ಗಾಡಿಗಳ ಕ್ಲಚ್ ವೇಗ ಹೆಚ್ಚಿದಾಗ ತಾನಾಗಿ ಹಿಡಿಯುವಂಥದು. ಸಾಮಾನ್ಯವಾಗಿ 2,000 ಸುತ್ತಿನ ಆಚೀಚೆ ಹಿಡಿಯುತ್ತದೆ. ಎಂಜಿನ್ನಿನ ಐಡ್ಲಿಂಗ್ ಸುಮಾರು 1,400 ಇರಬೇಕು. ನಿಂತಲ್ಲೇ ಗಾಡಿ ಮುಂದಕ್ಕೆ ತೆವಳುತ್ತಿದ್ದರೆ ಐಡ್ಲಿಂಗ್ ಜಾಸ್ತಿಯಾಗಿದೆ, ಸ್ಕ್ರೂ ಸಡಿಲಿಸಿ. ಏರಿನಲ್ಲಿ ಅರ್ಧ ಎಕ್ಸಿಲೇಟರ್ ಕೊಟ್ಟು ತಡವರಿಸಿಕೊಂಡು ಹತ್ತಿದರೆ ಕ್ಲಚ್ ಪೂರ್ತಿ ಹಿಡಿಯದೆ ಉಜ್ಜಿಕೊಂಡು ಕಾದು ನೀಲಿಗಟ್ಟುತ್ತದೆ, ಸುಟ್ಟ ವಾಸನೆ ಬರುತ್ತದೆ. ಏರಿಗೆ ಮೊದಲೇ ವೇಗ ಹಿಡಿದು ಒಂದೇ ಉಸಿರಿಗೆ ಹತ್ತಿ. ಆಗಲೂ ವಾಸನೆ ಬಂದರೆ ಎಂಟನೇ ಸೂತ್ರದ ಕಾಗದವನ್ನು ಮತ್ತೆ ತೆಗೆಯಿರಿ.

10. ಗಾಳಿಗೆ ದಾರಿ ಬಿಡಿ

ಇದಕ್ಕೆ ರೇಡಿಯೇಟರ್ ಇಲ್ಲ. ಫ್ಲೈವೀಲಿನ ರೆಕ್ಕೆಗಳು ಬೀಸುವ ಗಾಳಿಯೇ ಅದರ ನೀರು. ಹಳೇ ಎಂಜಿನ್ ಕೂತಿದ್ದ ಗೂಡಿಗೆ ಹೊಸದನ್ನು ತುರುಕಿ ತಗಡು ಮುಚ್ಚಿದರೆ ತನ್ನದೇ ಬಿಸಿಗಾಳಿಯನ್ನು ತಾನೇ ಕುಡಿಯುತ್ತದೆ. ಹಗ್ಗದ ಕಡೆ ಒಂದು ಗೇಣಾದರೂ ಬಯಲು ಬಿಡಿ. ಮೇಲಿನ ತಗಡು ಕವಚವನ್ನು “ಗಾಳಿ ಚೆನ್ನಾಗಿ ಬರಲಿ” ಎಂದು ಕಳಚಬೇಡಿ, ಗಾಳಿಯನ್ನು ಸಿಲಿಂಡರಿನ ಕಡೆ ತಿರುಗಿಸುವುದೇ ಅದು. ಸೋಗೆಯ ಚೂರು, ಹುಲ್ಲು, ಅಡಿಕೆ ಸಿಪ್ಪೆಯ ನಾರು ಜಾಲರಿಗೆ ಕಟ್ಟಿದರೆ ದಿನಾ ಕೀಳಿ. ಸೈಲೆನ್ಸರ್ ಪಕ್ಕದಲ್ಲಿ ಪೆಟ್ರೋಲ್ ಪೈಪೂ ಒಣ ದರಗೂ ಸುಳಿಯಬಾರದು.

ಸೈಲೆನ್ಸರ್ ಸಂಜೆಗತ್ತಲಲ್ಲಿ ಕೆಂಪಗೆ ಹೊಳೆದರೆ, ಒಂದೋ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಿಡಿಯ ಹೊತ್ತು ತಪ್ಪಿದೆ. ಹಗ್ಗ ಎಳೆಯುವಾಗ ಕೈಗೆ ಹಿಂದೇಟು ಹೊಡೆದರೆ ಫ್ಲೈವೀಲಿನ ಕೀಲಿ ತುಂಡಾಗಿದೆಯೇ ನೋಡಿ.

11. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಬೇಡ

ಕೆಮ್ಮಣ್ಣಿನ ಧೂಳು ಅರೆಯುವ ಕಲ್ಲಿನ ಪುಡಿ ಇದ್ದಂತೆ. ರಿಂಗನ್ನೂ ಸಿಲಿಂಡರನ್ನೂ ಸವೆಸಲು ಒಂದು ಬೇಸಿಗೆ ಸಾಕು. ಸ್ಪಂಜನ್ನು ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೆಲವು ತೊಟ್ಟು ಎಂಜಿನ್ ಆಯಿಲ್ ಸವರಿ ಹಿಂಡಿ ಹಾಕಿ. ಒಳಗಿನ ಕಾಗದದ ಫಿಲ್ಟರಿಗೆ ನೀರೂ ಬೇಡ, ಆಯಿಲ್ಲೂ ಬೇಡ, ಮೆಲ್ಲಗೆ ತಟ್ಟಿದರೆ ಸಾಕು.

12. ನಡುಕ ನಿಲ್ಲಿಸಿ

ಒಂಟಿ ಸಿಲಿಂಡರಿನ ಎಂಜಿನ್ ನಡುಗುವುದು ಸಹಜ, ಅದರ ಜೊತೆ ಗಾಡಿಯೂ ನಡುಗಿದರೆ ಅಸಹಜ. ತೆಳು ತಟ್ಟೆಯ ಮೇಲೆ ಕೂರಿಸಿದರೆ ಚೈನು ಎಳೆದಾಗ ತಟ್ಟೆ ಬಾಗಿ ಎಂಜಿನ್ ಓರೆಯಾಗುತ್ತದೆ, ಚೈನು ಕಳಚುತ್ತದೆ. ಆಗ ನಾವು ಚೈನನ್ನು ಬೈಯುತ್ತೇವೆ. ಎರಡೂ ಸ್ಪ್ರಾಕೆಟ್ಟಿನ ಮುಖಕ್ಕೆ ನೇರ ಪಟ್ಟಿ ಅಥವಾ ಬಿಗಿದ ದಾರ ಹಿಡಿದು ನೋಡಿ, ಸಂದು ಕಾಣಬಾರದು. ನಾಲ್ಕೂ ಬೋಲ್ಟಿಗೆ ನೈಲಾನ್ ಬಳೆಯ ನಟ್ಟು ಹಾಕಿ, ನಟ್ಟಿನಿಂದ ತಟ್ಟೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದರೆ ನಟ್ಟು ಸಡಿಲಾಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

13. ಟ್ಯಾಪೆಟ್ಟಿನ ಸಂದು, ಪ್ಲಗ್ಗಿನ ಬಣ್ಣ

ತಣ್ಣಗಿದ್ದಾಗ ಚಾಲೂ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹತ್ತದ ಎಂಜಿನ್ನಿಗೆ ಟ್ಯಾಪೆಟ್ ಬಿಗಿಯಾಗಿರುವ ಅನುಮಾನ ಪಡಿ. ಎಂಜಿನ್ ಪೂರ್ತಿ ತಣಿದ ಮೇಲೆ ಪ್ಲಗ್ ತೆಗೆದು ರಂಧ್ರದೊಳಗೆ ಎಳನೀರು ಕುಡಿಯುವ ಪ್ಲಾಸ್ಟಿಕ್ ಸ್ಟ್ರಾ ಇಳಿಸಿ, ಹಗ್ಗವನ್ನು ನಿಧಾನ ಎಳೆಯಿರಿ. ಸ್ಟ್ರಾ ಮೇಲೆದ್ದು ನಿಂತಾಗ, ಎರಡೂ ಟ್ಯಾಪೆಟ್ ಸಡಿಲವಿದ್ದರೆ ಅದೇ ಸರಿಯಾದ ಜಾಗ. ಫೀಲರ್ ಗೇಜಿನಲ್ಲಿ ಒಳಗಾಳಿಯ ವಾಲ್ವಿಗೂ ಹೊಗೆಯ ವಾಲ್ವಿಗೂ ನಿಮ್ಮ ಮಾದರಿಯ ಕೈಪಿಡಿ ಹೇಳಿದಷ್ಟೇ ಸಂದು ಇಡಿ.

ಪ್ಲಗ್ ಹೇಗೂ ಕೈಯಲ್ಲಿದೆ, ಅದರ ಮೂತಿ ನೋಡಿ. ಕಾಫಿ ಪುಡಿಯ ಕಂದು ಬಣ್ಣ ಇದ್ದರೆ ಆರೋಗ್ಯ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಒಣ ಮಸಿಯಾದರೆ ಪೆಟ್ರೋಲ್ ಜಾಸ್ತಿ. ಜಿಡ್ಡು ಕಪ್ಪಾದರೆ ಆಯಿಲ್ ಮೇಲೆ ಬರುತ್ತಿದೆ, ಎರಡನೇ ಸೂತ್ರಕ್ಕೆ ಹಿಂತಿರುಗಿ.

14. ಮೊದಲ 20 ಗಂಟೆ ಬಾಣಂತನ

ಹೊಸ ಎಂಜಿನ್ನಿಗೆ ಮೊದಲ ದಿನವೇ ಗೊಬ್ಬರ ಹೇರಿ ಏರು ಹತ್ತಿಸಬೇಡಿ. ಮೊದಲ ಕೆಲವು ಗಂಟೆ ಹಗುರ ಭಾರ, ಏರಿಳಿಯುವ ವೇಗ. ಒಂದು ಗಂಟೆಯಾದ ಮೇಲೆ ಎಲ್ಲ ಬೋಲ್ಟು ಮತ್ತೊಮ್ಮೆ ಬಿಗಿಮಾಡಿ, ಚೈನು ನೋಡಿ. 20 ಗಂಟೆ ಅಥವಾ ಒಂದು ತಿಂಗಳಿಗೆ ಮೊದಲ ಆಯಿಲ್ ಬಿಸಿಯಿರುವಾಗಲೇ ಇಳಿಸಿ. ಬಿಳಿ ತಟ್ಟೆಗೆ ಹಿಡಿದರೆ ಮಿಣಮಿಣ ಪುಡಿ ಕಾಣುತ್ತದೆ, ಅದು ಭಾಗಗಳು ಪರಸ್ಪರ ಒಗ್ಗಿಕೊಂಡ ಗುರುತು. ಬೆರಳಿಗೆ ಸಿಗುವ ಚೂರು ಕಂಡರೆ ಮಾತ್ರ ಚಿಂತಿಸಿ. ಆಮೇಲೆ ಪ್ರತಿ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ ಆಯಿಲ್.

ಗಂಟೆ ಲೆಕ್ಕ ಇಡಲು ಮೀಟರ್ ಬೇಕಿಲ್ಲ. ಸೀಟಿನ ಕೆಳಗೆ ಒಂದು ನೋಟುಪುಸ್ತಕ, ಅದಕ್ಕೆ ಕಟ್ಟಿದ ಒಂದು ಪೆನ್ಸಿಲು ಸಾಕು.

ಎಂಜಿನ್ನಿನದೇ ತಪ್ಪು ಅನ್ನುವುದು ಯಾವಾಗ?

ಗಾಡಿಯಿಂದ ಬಿಡಿಸಿದ ಮೇಲೂ ಕಿಡಿ ಬರದಿದ್ದರೆ, ಟ್ಯಾಪೆಟ್ ಸರಿಯಿದ್ದೂ ಹಗ್ಗ ಎಳೆದಾಗ ತಡೆಯೇ ಸಿಗದಿದ್ದರೆ, ಒಳಗಿಂದ ಕಬ್ಬಿಣ ಬಡಿಯುವ ಸದ್ದು ಕೇಳಿದರೆ, ಅಳೆದು ಆಯಿಲ್ ಹಾಕಿಯೂ ನೀಲಿ ಹೊಗೆ ನಿಲ್ಲದಿದ್ದರೆ ಮುಂದೆ ಕೈಹಾಕಬೇಡಿ. ಬಿಲ್ಲು, ವಾರಂಟಿ ಕಾರ್ಡು ಹಿಡಿದು ತಂದಲ್ಲಿಗೇ ಒಯ್ಯಿರಿ. ಎಂಜಿನ್ ಬಿಚ್ಚಿದ ಗುರುತು ಕಂಡರೆ ವಾರಂಟಿಯ ವಾದ ಅಲ್ಲಿಗೇ ಮುಗಿಯುತ್ತದೆ.

ಕೊನೆಯದಾಗಿ ಒಂದು ಎಚ್ಚರ. ಗಾಡಿ ಸರಿಹೋದ ಹುಮ್ಮಸ್ಸಿನಲ್ಲಿ ಪೇಟೆಗೆ ಬಿಡಬೇಡಿ. ನೋಂದಣಿ ಇಲ್ಲದ ಮೋಟಾರು ವಾಹನ ಸಾರ್ವಜನಿಕ ಜಾಗದಲ್ಲಿ ಓಡುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮು. ತೋಟದ ಗಾಡಿ ಬೇಲಿಯೊಳಗಿದ್ದರೇ ಚೆಂದ.

ನಮ್ಮ ಗಾಡಿ ಆ ಸಲದ ಕೊನೆಯನ್ನೆಲ್ಲ ಅಂಗಳಕ್ಕೆ ಹೊತ್ತು ತಂದಿತು. ಅದರ ನೋಟುಪುಸ್ತಕದ ಮೊದಲ ಪುಟದಲ್ಲಿ ಮೇಸ್ತ್ರಿ ಹೇಳಿದ ಒಂದೇ ಸಾಲು ಇದೆ: ಮೂರು ಲೋಟ. ನಿಮ್ಮ ಹೊಸ ಎಂಜಿನ್ ಮೊಂಡು ಹಿಡಿದ ದಿನ ನೀವೂ ಪಾನಾಕ್ಕೆ ಕೈಹಾಕುವ ಮೊದಲು ಆಯಿಲ್ ಮುಚ್ಚಳ ತಿರುಗಿಸಿ ನೋಡಿ.